ಮಧ್ಯಮಾವಧಿ

ದುಬೈ, ಅಬುಧಾಬಿಗಳಲ್ಲಿ ನೆಲಸಿರುವ ಕನ್ನಡಿಗರು ತಮ್ಮ ಬಾಳನ್ನು ವೀಸಾದಿಂದ ಅಳೆದುಕೊಳ್ಳುವುದು ರೂಢಿ: ನೌಕರಿಗೆ ಸಾಮಾನ್ಯವಾಗಿ ದೊರೆಯುವ ಎರಡು ವರ್ಷದ್ದು, 2022ರಲ್ಲಿ ಜಾರಿಗೆ ಬಂದ ಐದು ವರ್ಷದ ಗ್ರೀನ್ ವೀಸಾ, ಹತ್ತು ವರ್ಷದ ಗೋಲ್ಡನ್ ವೀಸಾ. ಇವುಗಳಲ್ಲಿ ನಡುವಣದಕ್ಕೆ 'ಮಧ್ಯಮಾವಧಿ' ಎಂಬ ವಿಶೇಷಣವು ಸಹಜವಾಗಿಯೇ ಒಪ್ಪುತ್ತದೆ.

'ಅವಧಿ' ಎಂದರೆ ಸಂಸ್ಕೃತದಲ್ಲಿ ಎಲ್ಲೆ, ಮೇರೆ. ಆ ಮೇರೆಯವರೆಗಿನ ಕಾಲಕ್ಕೂ ಅದೇ ಹೆಸರಾಯಿತು. 'ಮಧ್ಯಮ'ವು ಆ ಕಾಲದ ಪ್ರಮಾಣವನ್ನು ಸೂಚಿಸುವುದಾದುದರಿಂದ, ಇದನ್ನು 'ಮಧ್ಯಾವಧಿ'ಯೊಡನೆ ಬೆರಸಲಾಗದು. 1971ರಲ್ಲಿ ಲೋಕಸಭೆಗೂ 1985ರಲ್ಲಿ ಕರ್ನಾಟಕದ ವಿಧಾನಸಭೆಗೂ ನಡೆದವು ಮಧ್ಯಾವಧಿ ಚುನಾವಣೆಗಳು. ಪೂರ್ಣಾವಧಿ ತುಂಬುವ ಮುನ್ನ ನಡುವೆಯೇ ಒದಗಿಬಂದವು. ಒಂದು ಮಕಾರದ ವ್ಯತ್ಯಾಸವೆಂದು ಇದನ್ನು ಕಡೆಗಣಿಸುವವರ ಬರಹವನ್ನು ನಾನಂತೂ ಎರಡು ಸಲ ಓದಿ ನೋಡುತ್ತೇನೆ.

ಎಷ್ಟು ಕಾಲವಾದರೆ ಮಧ್ಯಮವೆನ್ನಬೇಕು? ಅದು ಕೇಳುವವನನ್ನೂ ಹೇಳುವವನನ್ನೂ ಅವಲಂಬಿಸಿದೆ. ನಮ್ಮ ಸಹಕಾರ ಸಂಘಗಳಲ್ಲಿ ಹದಿನೈದು ತಿಂಗಳೊಳಗೆ ತೀರಬೇಕಾದ ಬೆಳೆಸಾಲವು ಅಲ್ಪಾವಧಿಯದು. ಎತ್ತಿಗೋ ಪಂಪುಸೆಟ್ಟಿಗೋ ಪಡೆದು, ಹದಿನೈದು ತಿಂಗಳು ಮೀರಿ ಐದು ವರ್ಷದೊಳಗೆ ತೀರಿಸುವುದು ಮಧ್ಯಮಾವಧಿಯದು. ಅದಕ್ಕೂ ಮಿಗಿಲಾದುದು ದೀರ್ಘಾವಧಿಯದು. ಕರ್ನಾಟಕ ಸರಕಾರವೂ 2002ರ ವಿತ್ತೀಯ ಹೊಣೆಗಾರಿಕೆ ಅಧಿನಿಯಮದಂತೆ ಆಯವ್ಯಯದೊಡನೆ 'ಮಧ್ಯಮಾವಧಿ ವಿತ್ತೀಯ ಯೋಜನೆ'ಯನ್ನು ಮಂಡಿಸುತ್ತದೆ. ಎಮಿರೇಟ್ಸ್‌ನ ಒಕ್ಕೂಟ ಸರಕಾರವು 2022ರಿಂದ 2026ರವರೆಗೆ 290 ಶತಕೋಟಿ ದಿರ್ಹಮ್‌ಗಳ ವೆಚ್ಚವನ್ನು ಒಟ್ಟಾಗಿ ಯೋಜಿಸಿದುದೂ ಇದೇ ಜಾತಿಯದು. ಆದರೆ 2071ರ ತನ್ನ ಶತಮಾನೋತ್ಸವಕ್ಕೆ ಈಗಲೇ ಯೋಜನೆ ಹೂಡಿರುವ ಆ ದೇಶದ ಕಣ್ಣಿಗೆ ಐದು ವರ್ಷವು ಅಲ್ಪವೆಂದೇ ತೋರಿದರೆ ಆಶ್ಚರ್ಯವಿಲ್ಲ.

ವಿನೋದವೆಂದರೆ, ಸಹಕಾರ ಸಂಘದ ಗಣನೆಯಲ್ಲಿ ಎರಡು ವರ್ಷದ ಸಾಮಾನ್ಯ ವೀಸಾವೇ ಮಧ್ಯಮಾವಧಿಯದಾಗುತ್ತದೆ. ಹೊಂದಿದವನಿಗಾದರೋ ಅದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುವಂಥದು. ಎರಡು ಮೂರು ವರ್ಷಗಳ ಕಂತುಗಳಲ್ಲಿ ನವೀಕರಿಸುತ್ತ, ಮುಂದಿನ ಸಲ ಊರಿಗೆ ಹಿಂದಿರುಗುವೆನೆನ್ನುತ್ತ, ದುಬೈಯ ಕರಾಮಾದ ಬಾಡಿಗೆ ಮನೆಯಲ್ಲಿ ಮೂರು ದಶಕ ಕಳೆದವನ ವಾಸವನ್ನು ಅಲ್ಪವೆನ್ನಬೇಕೊ ದೀರ್ಘವೆನ್ನಬೇಕೊ, ಸಂಘದ ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಅಂಕಣವಿಲ್ಲ.

ಅರಬ್ಬಿಯಲ್ಲಿ ಮಧ್ಯಮಾವಧಿಗೆ 'ಮುತವಸ್ಸಿತ್ ಅಲ್ ಅಜಲ್' ಎನ್ನುತ್ತಾರೆ. 'ಅಜಲ್' ನಿಯತವಾದ ಕಾಲ. ಮನುಷ್ಯನ ಅಂತ್ಯಕಾಲಕ್ಕೂ ಅದೇ ಮಾತು. ನಮ್ಮ ಹಳ್ಳಿಗಳ ಸಾಲಪತ್ರದಲ್ಲಿರುವ 'ವಾಯಿದೆ'ಯೂ ಅರಬ್ಬಿ ಮೂಲದ್ದೇ. ಅಲ್ಲಿ ಅದಕ್ಕೆ ಕೊಟ್ಟ ಮಾತು ಎಂದರ್ಥ. ವಾಯಿದೆಯ ಸಾಲ ತೀರಿಸಲೆಂದು ಊರು ಬಿಟ್ಟವನು ಆ ಪದದ ತವರಿಗೇ ಬಂದು ಸೇರಿದಂತಾಯಿತು.