ಹವಳದ ತೊಟ್ಟಿಗೆ ಬೆಳಕೆಷ್ಟು? ಒಂದು ಅಳತೆಯ ವಿಚಾರ

ಸಮೀರವಾಡಿಯಂತಹ ಕಬ್ಬಿನ ಸೀಮೆಯಲ್ಲಿ ವಾಸಿಸುವವರು, ನೀರೊಂದು ಸಾಕಷ್ಟು ದೊರೆತರೆ ಬಿಸಿಲು ಹೆಚ್ಚಿದಷ್ಟೂ ಬೆಳೆ ಹುಲುಸಾಗುವುದೆಂದು ನಂಬುವುದು ಸಹಜ. ಕಬ್ಬಿನ ಮಟ್ಟಿಗೆ ಆ ನಂಬಿಕೆ ನಿರಾಧಾರವಾದುದಲ್ಲ. 1965ರಲ್ಲಿ ಹವಾಯಿಯ ಸಂಶೋಧಕರೂ 1966ರಲ್ಲಿ ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬವರೂ ಕಬ್ಬಿನ ಎಲೆಯನ್ನೇ ಪರೀಕ್ಷಿಸಿ, ಅದು ಇಂಗಾಲವನ್ನು ಹಿಡಿಯುವ ಬಗೆ ಬೇರೆ ಅನೇಕ ಸಸ್ಯಗಳಿಗಿಂತ ಭಿನ್ನವೆಂದು ತೋರಿಸಿದರು. ಈ ವಿಶೇಷದಿಂದಾಗಿ ಕಬ್ಬು ನಡುಹಗಲಿನ ಬಿಸಿಲನ್ನೂ ಬಹುಮಟ್ಟಿಗೆ ಬಳಸಿಕೊಳ್ಳಬಲ್ಲದು. ಆದರೆ ಇದೇ ನಂಬಿಕೆಯನ್ನು ಗಾಜಿನ ತೊಟ್ಟಿಯಲ್ಲಿ ಸಾಕಿದ ಹವಳಕ್ಕೆ ಅನ್ವಯಿಸಿದರೆ ಹವಳವು ಬೆಳ್ಳಗಾಗಿ ಸಾಯುವುದು. ಎಷ್ಟು ಬೆಳಕು ಉಚಿತ, ಅದನ್ನು ಯಾವ ಮಾನದಿಂದ ಅಳೆಯಬೇಕು ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಹವಳವು ಪ್ರಾಣಿ; ಪ್ರಾಣಿಗೆ ಬೆಳಕಿನ ಹಂಗೇಕೆ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಇಂತಹ ಪ್ರಾಣಿಗಳ ದೇಹದಲ್ಲಿ ಕಾಣುವ ಹಳದಿಗಂದು ಕಣಗಳಿಗೆ 1881ರಲ್ಲಿ ಜರ್ಮನಿಯ ಕಾರ್ಲ್ ಬ್ರಾಂಟ್ ಝೂಕ್ಸಾಂತೆಲಾ ಎಂಬ ಹೆಸರನ್ನಿತ್ತನು. ಅವು ಒಳಗೇ ನೆಲಸಿದ ಪಾಚಿಗಳು. 1928–29ರಲ್ಲಿ ಆಸ್ಟ್ರೇಲಿಯದ ಮಹಾ ಹವಳದಿಬ್ಬಕ್ಕೆ ತೆರಳಿದ ಬ್ರಿಟಿಷ್ ತಂಡದ ನಾಯಕ ಸಿ. ಎಂ. ಯಂಗ್ ಹವಳವನ್ನು ಮುಖ್ಯವಾಗಿ ಮಾಂಸಾಹಾರಿಯೆಂದೇ ಎಣಿಸಿ, ಪಾಚಿಯಿಂದ ಅದಕ್ಕೆ ಆಹಾರ ದೊರೆಯುವುದೆಂಬ ಮಾತನ್ನು ಒಪ್ಪಲಿಲ್ಲ. ತರುವಾಯದ ಪ್ರಯೋಗಗಳು ಈ ಅಭಿಪ್ರಾಯವನ್ನು ಅಲುಗಿಸಿದವು. ಪಾಚಿಯಿಂದ ಕಡಲಹೂವಿನ ಅಂಗಾಂಶಕ್ಕೆ ಇಂಗಾಲ ಸಾಗುವುದನ್ನು 1958ರಲ್ಲಿ ಮಸ್ಕಟೀನ್ ಮತ್ತು ಹ್ಯಾಂಡ್ ನೇರವಾಗಿ ತೋರಿಸಿದರು. ಹವಳವು ಕತ್ತಲೆಗಿಂತ ಬೆಳಕಿನಲ್ಲಿ ಸುಣ್ಣವನ್ನು ಬೇಗನೆ ಕಟ್ಟುವುದನ್ನು 1948ರಲ್ಲಿ ಜಪಾನಿನ ಕವಾಗುತಿ ಮತ್ತು ಸಕುಮೊಟೊ, 1959ರಲ್ಲಿ ಜಮೈಕದಲ್ಲಿ ಗೊರೋ ಕಂಡುಕೊಂಡರು. ತೊಟ್ಟಿಯ ದೀಪವು ಹವಳಕ್ಕೆ ಅಲಂಕಾರವಲ್ಲ, ಅನ್ನವೆಂಬುದು ಇದರಿಂದ ಸಿದ್ಧವಾಗುತ್ತದೆ.

ಆದರೆ ಈ ಅನ್ನಕ್ಕೂ ಮಿತಿಯುಂಟು. ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕನ್ನು ಚದರ ಮೀಟರಿಗೆ, ಸೆಕೆಂಡಿಗೆ ಇಷ್ಟು ಮೈಕ್ರೊಮೋಲ್ ಎಂದು ಗಣಿಸುತ್ತಾರೆ. ಇದಕ್ಕೆ ಪ್ಯಾರ್ ಎಂಬ ಹ್ರಸ್ವನಾಮವು ರೂಢಿಯಲ್ಲಿದೆ. ಉಷ್ಣವಲಯದ ನಡುಹಗಲಿನ ಬಿಸಿಲು ಸುಮಾರು 2000. ಹವಳದೊಳಗಿನ ಪಾಚಿಯು ಸಾಮಾನ್ಯವಾಗಿ 200ರಿಂದ 400ರ ಸುಮಾರಿಗೇ ತಣಿದುಬಿಡುತ್ತದೆ. ಅದರ ಮೇಲೆ ಬೀಳುವ ಬೆಳಕಿನಿಂದ ಲಾಭವಿಲ್ಲದಿರುವುದಷ್ಟೇ ಅಲ್ಲ, ಒಂದು ಹಂತದ ಆಚೆಗೆ ಹಾನಿಯೇ ಉಂಟಾಗುತ್ತದೆ: ಪಾಚಿಯಲ್ಲಿ ವಿಷಕಾರಿಯಾದ ಆಮ್ಲಜನಕರೂಪಗಳು ಹುಟ್ಟಿ, ಹವಳವು ತನ್ನ ಪಾಚಿಯನ್ನೇ ಹೊರಹಾಕುವುದು. ನೀರಿನ ಉಷ್ಣತೆ ಏರಿದಾಗ ಈ ಹಾನಿ ಕಡಮೆ ಬೆಳಕಿನಲ್ಲಿಯೇ ತೊಡಗುವುದೆಂಬುದನ್ನು ನಮ್ಮ ಸೀಮೆಯವರು ವಿಶೇಷವಾಗಿ ಗಮನಿಸತಕ್ಕದ್ದು. ಇಲ್ಲಿ ಬೇಸಗೆಯ ಉಷ್ಣತೆ 40 ಡಿಗ್ರಿಯನ್ನು ಮುಟ್ಟುತ್ತದೆ. ತೊಟ್ಟಿಯ ನೀರಾದರೋ 25–27 ಡಿಗ್ರಿಯಲ್ಲಿರಬೇಕು.

ಇನ್ನು ಮಾನದ ವಿಷಯ. ಇತಿಹಾಸದ ಅಧ್ಯಾಪಕನಿಗೆ ಇಲ್ಲಿ ತುಸು ಸ್ವಾರಸ್ಯ ಕಾಣುತ್ತದೆ, ಏಕೆಂದರೆ ಹಳೆಯ ಅಳತೆಯೊಂದು ಅದನ್ನು ಹುಟ್ಟಿಸಿದ ಉಪಕರಣವು ಮರೆಯಾದ ಮೇಲೂ ಬದುಕಿರುವುದಕ್ಕೆ ಇದೊಂದು ಉದಾಹರಣೆ. ಕೊಳವೆದೀಪಗಳೇ ಬಳಕೆಯಲ್ಲಿದ್ದಾಗ ಗ್ಯಾಲನ್ ನೀರಿಗೆ ಇಷ್ಟು ವ್ಯಾಟ್ ಎಂಬ ಸೂತ್ರವು ಹವ್ಯಾಸಿಗಳಲ್ಲಿ ಪ್ರಚಾರಕ್ಕೆ ಬಂದಿತು. ಆ ದೀಪಗಳೆಲ್ಲ ಹೆಚ್ಚುಕಡಮೆ ಒಂದೇ ಜಾತಿಯವಾದುದರಿಂದ ಸೂತ್ರವು ಹೇಗೋ ನಡೆಯಿತು. ವ್ಯಾಟ್ ತಿಳಿಸುವುದು ದೀಪವು ನುಂಗುವ ವಿದ್ಯುತ್ತನ್ನು, ಹವಳದ ಮೇಲೆ ಬೀಳುವ ಬೆಳಕನ್ನಲ್ಲ. ಎಲ್.ಇ.ಡಿ. ದೀಪಗಳು ಬಂದ ಮೇಲೆ ಅದಕ್ಕೆ ಅರ್ಥವೇ ಉಳಿಯಲಿಲ್ಲ; ಆದರೂ ಅಂಗಡಿಗಳಲ್ಲಿ ಆ ಲೆಕ್ಕ ಇನ್ನೂ ಕೇಳಿಬರುತ್ತದೆ. ಲಕ್ಸ್ ಮಾನವೂ ಪೂರ್ಣ ವಿಶ್ವಾಸಾರ್ಹವಲ್ಲ. ಅದು ಹಸುರಿಗೆ ಹೆಚ್ಚು ಸ್ಪಂದಿಸುವ ಮನುಷ್ಯನ ಕಣ್ಣನ್ನು ಅನುಸರಿಸಿ ರಚಿತವಾದುದು. ಬಿಸಿಲಿನಲ್ಲಿ ಲಕ್ಸ್ ಸಂಖ್ಯೆಯನ್ನು 54ರಿಂದ ಭಾಗಿಸಿದರೆ ಮೈಕ್ರೊಮೋಲ್ ದೊರೆಯುತ್ತದೆ, ನೀಲಿ ಎಲ್.ಇ.ಡಿ.ಯಲ್ಲಿ ಇದೇ ಲೆಕ್ಕ ಹಿಡಿದರೆ ನಿಜವಾದ ಬೆಳಕಿಗಿಂತ ಬಹಳ ಕಡಮೆ ತೋರುವುದು, ಆಗ ಸಾಕುವವನು ದೀಪವನ್ನು ಇನ್ನಷ್ಟು ಏರಿಸುವನು. ಪ್ಯಾರ್ ಮಾಪಕವನ್ನು ಎರವಲಾಗಿಯಾದರೂ ಪಡೆದು, ಹವಳವಿರುವ ಸ್ಥಳದಲ್ಲಿಯೇ, ನೀರಿನೊಳಗೆ ಅಳೆಯುವುದೊಂದೇ ಸರಿಯಾದ ಮಾರ್ಗ.

ಅಳೆದ ಮೇಲೆ ಆಯ್ಕೆ ಕಷ್ಟವಲ್ಲ. ಅಣಬೆಹವಳ ಹಾಗೂ ಮೃದುಹವಳಗಳಿಗೆ 50ರಿಂದ 150 ಸಾಕು. ದೊಡ್ಡ ಬಾಯಿಯ ಕಲ್ಲುಹವಳಗಳಿಗೆ ಸುಮಾರು 75–200, ಕವಲೊಡೆಯುವ ಸಣ್ಣ ಬಾಯಿಯ ಕಲ್ಲುಹವಳಗಳಿಗೆ 200–350 ಎಂದು ಅನುಭವಿಗಳು ಹೇಳುವುದುಂಟು. ಆದರೆ ಈ ಕೊನೆಯ ಎರಡು ವರ್ಗಗಳು ನಮ್ಮ ದೇಶದಲ್ಲಿ ಪ್ರಶ್ನೆಯ ಹೊರಗೆ. ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳೂ, ಕಪ್ಪು ಹವಳ, ಬೆಂಕಿಹವಳ, ಕಡಲಬೀಸಣಿಗೆಗಳೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ ಸೇರಿದವು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲಿನ ಹವಳದ ಒಂದು ತುಂಡನ್ನು ಕಿತ್ತು ತರುವುದೂ ಅಪರಾಧವೇ. ಹೀಗಿರುವಾಗ 350ರ ಗುರಿಯಿಟ್ಟು ಬೆಲೆಬಾಳುವ ದೀಪವನ್ನು ಕೊಳ್ಳುವುದು ಎರಡು ಬಗೆಯ ನಷ್ಟ. ಮೃದುಹವಳವನ್ನು ಕೊಳ್ಳುವಾಗಲೂ ಅದರ ಮೂಲವನ್ನು ವಿಚಾರಿಸಿಯೇ ಕೊಳ್ಳತಕ್ಕದ್ದು.

ದೀಪವಿಲ್ಲದೆ ಕಿಟಕಿಯ ಬಿಸಿಲೇ ಸಾಲದೇ ಎಂದು ಕೇಳುವವರುಂಟು. ಜಕಾರ್ತದ ಲೀ ಚಿನ್ ಎಂಗ್ ಎಂಬವರು ಜೀವಂತ ಕಲ್ಲು ಮತ್ತು ಸೂರ್ಯನ ಬೆಳಕನ್ನೇ ನಂಬಿ ಹವಳಗಳನ್ನು ಸಾಕಿ, 1961ರಲ್ಲಿ ಆ ಪದ್ಧತಿಯನ್ನು ಲೇಖನರೂಪದಲ್ಲಿ ಪ್ರಕಟಿಸಿದರು. ಕಡಲ ತೀರದ ಆ ನಗರಕ್ಕೆ ಒಪ್ಪಿದುದು ಒಳನಾಡಿನ ಏಪ್ರಿಲ್ ತಿಂಗಳಿಗೆ ಒಪ್ಪದು: ಚಿಕ್ಕ ತೊಟ್ಟಿಯು ಮಧ್ಯಾಹ್ನದೊಳಗೆ ಕಾದುಬಿಡುತ್ತದೆ.

ಹೊಸ ಹವಳವನ್ನು ತೊಟ್ಟಿಯ ತಳದಲ್ಲಿರಿಸಿ, ಮೊದಲು ಗುರಿಯ ಅರ್ಧದಷ್ಟು ಬೆಳಕನ್ನೇ ಕೊಟ್ಟು, ನಾಲ್ಕಾರು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ದಿನಕ್ಕೆ 8ರಿಂದ 10 ಗಂಟೆ ಸಾಕು. 100 ಮೈಕ್ರೊಮೋಲ್ ಬೆಳಕು 10 ಗಂಟೆ ಬಿದ್ದರೆ ಒಂದು ದಿನದ ಒಟ್ಟು ಮೊತ್ತ 3.6 ಮೋಲ್; ಇದೇ ಮೊತ್ತವನ್ನು ಎರಡು ಗಂಟೆಗಳಲ್ಲಿ ತುಂಬಲು ಹೋದರೆ 500 ಬೇಕಾಗುವುದು, ಅದು ಮೃದುಹವಳದ ಮೈಗೆ ತಡೆಯದು. ಬಣ್ಣ ಕಡುಗಂದಾಗಿ ಮೈ ದೀಪದತ್ತ ಉದ್ದವಾಗುತ್ತಿದ್ದರೆ ಬೆಳಕು ಸಾಲದೆಂದೂ, ಮೇಲ್ಭಾಗ ಬಿಳಚಿಕೊಂಡು ಮೈ ಮುದುಡುತ್ತಿದ್ದರೆ ಹೆಚ್ಚಾಯಿತೆಂದೂ ಊಹಿಸಬಹುದು. ಮೊದಲನೆಯದಕ್ಕೆ ವಾರಗಟ್ಟಲೆ ಸಾವಧಾನವಿದೆ. ಎರಡನೆಯದು ಕಂಡ ದಿನವೇ ದೀಪವನ್ನು ತಗ್ಗಿಸಿ, ನೀರಿನ ಉಷ್ಣತೆಯನ್ನು ನೋಡಬೇಕು.