ಹದ, ನೀರು, ಬಿರುಕು: ಕುಲುಮೆಯ ತಿಳಿವಳಿಕೆ ಮತ್ತು ಡ್ಯೂಪ್ಲೆಕ್ಸ್ ಉಕ್ಕು

ಶಿವಮೊಗ್ಗದಿಂದ ಭದ್ರಾವತಿಯ ಕಡೆಗೆ ಮಲವಗೊಪ್ಪವನ್ನು ದಾಟಿ ಸಾಗಿದರೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವೂ, ಅದರಾಚೆಗೆ ಕೆಮ್ಮಣ್ಣುಗುಂಡಿಯ ಅದಿರನ್ನು ಇದ್ದಿಲಿನಿಂದ ಕರಗಿಸಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ ಎದುರಾಗುತ್ತವೆ. ಈ ಪರಿಸರದಲ್ಲಿ ಹಳ್ಳಿಯ ಕಮ್ಮಾರಿಕೆ ಮತ್ತು ಆಧುನಿಕ ಲೋಹೋದ್ಯಮಗಳು ನೆರೆಹೊರೆಯಾಗಿ ಬೆಳೆದಿವೆ. ಎರಡಕ್ಕೂ ಇರುವ ಭಯ ಒಂದೇ, ಅದು ಬಿರುಕು. ಆದರೆ ಅದನ್ನು ತಡೆಯುವ ಬಗೆಯಲ್ಲಿ ಇವೆರಡೂ ಕೆಲವೆಡೆ ಪರಸ್ಪರ ವಿರುದ್ಧವಾಗಿ ನಿಲ್ಲುತ್ತವೆ ಎಂಬುದು ಜಾನಪದ ಅಧ್ಯಯನದ ಗಮನಕ್ಕೆ ಅಷ್ಟಾಗಿ ಬಂದಿಲ್ಲ.

ಕಮ್ಮಾರನ ತಿಳಿವಳಿಕೆಯೆಲ್ಲ 'ಹದ' ಎಂಬ ಒಂದು ಪದದಲ್ಲಿ ಅಡಗಿದೆ. ಉಳುವ ನೆಲಕ್ಕೆ, ಕುಂಬಾರನ ಮಣ್ಣಿಗೆ, ಆಲೆಮನೆಯ ಪಾಕಕ್ಕೆ ಸಲ್ಲುವ ಈ ಪದವೇ ಕುಡುಗೋಲಿನ ಬಾಯಿಗೂ ಸಲ್ಲುತ್ತದೆ. ಕೆಂಪಗೆ ಕಾದ ಉಕ್ಕನ್ನು ನೀರಿಗಿಳಿಸಿದರೆ ಅದು ಗಡುಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಮೇಲ್ಮೈ ಮೊದಲು, ಒಳಗು ತಡವಾಗಿ ತಣಿಯುತ್ತವೆ. ಒಳರಚನೆ ಬದಲಾಗುವಾಗ ಲೋಹವು ತುಸು ಹಿಗ್ಗುವುದರಿಂದ ಈ ಹೊತ್ತಿನ ವ್ಯತ್ಯಾಸ ಬಿಗಿತವನ್ನು ಹುಟ್ಟಿಸಿ, ದಪ್ಪ ಮತ್ತು ತೆಳು ಸೇರುವ ಮೂಲೆಯಲ್ಲಿ ಸೀಳಾಗಿ ಹೊರಬೀಳುತ್ತದೆ. ಆದ್ದರಿಂದಲೇ ಅಂಚನ್ನು ಮಾತ್ರ ಅದ್ದಿ, ಬಳಿಕ ಸಣ್ಣ ಶಾಖ ಕೊಟ್ಟು, ಹುಲ್ಲಿನ ಹಳದಿಯಿಂದ ನೀಲಿಯವರೆಗೆ, ಎಂದರೆ ಸುಮಾರು 230ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ, ಬಣ್ಣ ತಿರುಗುವುದನ್ನು ಕಣ್ಣಿನಿಂದಲೇ ಅಳೆಯುವ ಕ್ರಮ ರೂಢಿಗೆ ಬಂದಿತು. ಮುರಿದ ತುಂಡಿನ ಮುಖವನ್ನು ಓದುವುದೂ ಈ ವಿದ್ಯೆಯ ಭಾಗವೇ: ನುಣುಪಾದ ಬೂದು ಕಣ ಒಳ್ಳೆಯ ಹದದ ಗುರುತು, ಹೊಳೆಯುವ ದಪ್ಪ ಕಣ ಅತಿಯಾಗಿ ಕಾಯಿಸಿದ್ದರ ಗುರುತು.

ಡ್ಯೂಪ್ಲೆಕ್ಸ್ ಸ್ಟೇನ್‌ಲೆಸ್ ಉಕ್ಕಿನ ಸಂಗತಿ ಬೇರೆ. 1930ರ ಸುಮಾರಿಗೆ ಸ್ವೀಡನ್ನಿನಲ್ಲಿ, ಕಾಗದ ತಯಾರಿಕೆಯ ಆಮ್ಲದ್ರವಗಳನ್ನು ತಾಳಿಕೊಳ್ಳಲೆಂದು ರೂಪುಗೊಂಡ ಲೋಹವಿದು. (ಭದ್ರಾವತಿಯೂ 1936ರಲ್ಲಿ ಸ್ಥಾಪನೆಯಾದ, ಈಗ ಉತ್ಪಾದನೆ ನಿಂತಿರುವ ಕಾಗದ ಕಾರ್ಖಾನೆಯ ಊರೆಂಬುದನ್ನು ನೆನೆಯಬಹುದು.) ಇದರ ಸಾಮಾನ್ಯ ಬಗೆಯಲ್ಲಿ ಶೇ. 22ರಷ್ಟು ಕ್ರೋಮಿಯಂ, ಶೇ. 5ರಷ್ಟು ನಿಕ್ಕಲ್, ಶೇ. 3ರಷ್ಟು ಮಾಲಿಬ್ಡಿನಂ, ತುಸು ಸಾರಜನಕ ಇರುತ್ತವೆ. ಫೆರೈಟ್ ಮತ್ತು ಆಸ್ಟನೈಟ್ ಎಂಬ ಎರಡು ರಚನೆಗಳು ಇದರಲ್ಲಿ ಹೆಚ್ಚುಕಡಿಮೆ ಸಮಪಾಲಿನಲ್ಲಿ ಹೆಣೆದುಕೊಂಡಿವೆ. ಫೆರೈಟ್‌ನಲ್ಲಿ ಓಡುವ ಬಿರುಕು ನಡುವಿನ ಆಸ್ಟನೈಟ್ ದ್ವೀಪಕ್ಕೆ ಬಂದು ತಡೆಯುತ್ತದೆ. ಲೋಹದ ಜಿಗುಟುತನದ ಗುಟ್ಟು ಇಲ್ಲಿದೆ.

ಈ ಉಕ್ಕನ್ನು ಕೆಡಿಸುವುದು ನಿಧಾನ. ಸುಮಾರು 1000ದಿಂದ 600 ಡಿಗ್ರಿಯ ನಡುವೆ ಅದು ಮೆಲ್ಲನೆ ತಣಿದರೆ ಫೆರೈಟ್ ಒಡೆದು ಸಿಗ್ಮಾ ಎಂಬ ಪೆಡಸು ರಚನೆ ಮೂಡುತ್ತದೆ. ದಪ್ಪ ಎರಕದ ಒಡಲಲ್ಲಿ ಈ ಅಪಾಯ ಹೆಚ್ಚು. ಶೇಕಡಾ ಕೆಲವೇ ಪಾಲು ಸಿಗ್ಮಾ ಸಾಕು, ಪೆಟ್ಟು ತಾಳುವ ಶಕ್ತಿ ಬಹಳವಾಗಿ ಕುಸಿಯುತ್ತದೆ. ಪರಿಹಾರವೆಂದರೆ 1040 ಡಿಗ್ರಿಗೂ ಮೇಲೆ ಕಾಯಿಸಿ ತಟ್ಟನೆ ನೀರಿಗಿಳಿಸುವುದು. ಕುಡುಗೋಲನ್ನು ಪೆಡಸಾಗಿಸುವ ನೀರೇ ಇಲ್ಲಿ ಪೆಡಸುತನವನ್ನು ತಪ್ಪಿಸುತ್ತದೆ. ಶಾಖದ ಅಳತೆಯೂ ತಿರುಗುಮುರುಗು: ಕಮ್ಮಾರನು ಕ್ಷಣಹೊತ್ತು ಕೊಡುವ ನೀಲಿ ಬಣ್ಣದ ಶಾಖವು ಡ್ಯೂಪ್ಲೆಕ್ಸ್ ಭಾಗಗಳ ದೀರ್ಘ ಬಳಕೆಗೆ ಮೇಲಿನ ಎಲ್ಲೆ. 475 ಡಿಗ್ರಿಯ ಆಸುಪಾಸಿನಲ್ಲಿ ಫೆರೈಟ್ ಗಂಟೆಗಳಲ್ಲೇ ಪೆಡಸಾಗತೊಡಗುತ್ತದೆ. ಶಾಖ ಇಳಿದಷ್ಟೂ ಅದಕ್ಕೆ ಹೆಚ್ಚು ಕಾಲ ಹಿಡಿಯುತ್ತದೆ.

ಹೀಗಿರುವಾಗ ಆಧುನಿಕ ಲೋಹಶಾಸ್ತ್ರವೆಲ್ಲವೂ ನಮ್ಮ ಕುಲುಮೆಯಲ್ಲಿ ಮೊದಲೇ ಇತ್ತೆಂದು ಹೇಳುವುದು ಜಾನಪದಕ್ಕೆ ಮಾಡುವ ಉಪಕಾರವಲ್ಲ. ಕಮ್ಮಾರನ ಹದ ಇಂಗಾಲದ ಉಕ್ಕಿನ ಅನುಭವದಿಂದ ಬಂದದ್ದು. ಆ ಎಲ್ಲೆಯೊಳಗೆ ಅದು ನಿಖರ. ಹಾಡು, ಐತಿಹ್ಯಗಳನ್ನು ಸಂಗ್ರಹಿಸಿದಷ್ಟು ಶ್ರದ್ಧೆಯಿಂದ, ಯಾವ ವಸ್ತುವಿಗೆ ಎಷ್ಟು ಹೊತ್ತು ನೀರು, ಯಾವ ಬಣ್ಣಕ್ಕೆ ನಿಲ್ಲಿಸಬೇಕು ಎಂಬ ವಿವರಗಳನ್ನು ತಿದಿಯ ಪಕ್ಕದಲ್ಲಿ ಕುಳಿತು ದಾಖಲಿಸಿದ್ದು ಕಡಿಮೆ. ಕುಲುಮೆಗಳು ಮುಚ್ಚುತ್ತಿರುವ ಈ ಕಾಲದಲ್ಲಿ ಅವು ವಿವರಿಸುವವರೊಂದಿಗೇ ಇಲ್ಲವಾಗುತ್ತಿವೆ.

ಪರೀಕ್ಷೆಯ ವಿಧಾನಗಳಲ್ಲೂ ಇದೇ ಎಚ್ಚರ ಬೇಕು. ಸುತ್ತಿಗೆಯಿಂದ ತಟ್ಟಿ ನಾದ ಕೇಳಿದರೆ ಆಗಿರುವ ಬಿರುಕು ತಿಳಿಯಬಹುದು. ಇನ್ನೂ ಬಿರಿಯದ ಸಿಗ್ಮಾ ತಿಳಿಯದು. ಸ್ಟೇನ್‌ಲೆಸ್ ಆದರೆ ಅಯಸ್ಕಾಂತ ಹಿಡಿಯಬಾರದೆಂಬ ಪಾತ್ರೆ ಅಂಗಡಿಯ ನಂಬಿಕೆಯೂ ಇಲ್ಲಿ ನಿಲ್ಲದು. ಫೆರೈಟ್ ಇರುವುದರಿಂದ ಡ್ಯೂಪ್ಲೆಕ್ಸ್ ಉಕ್ಕಿಗೆ ಅಯಸ್ಕಾಂತ ಅಂಟಿಕೊಳ್ಳುತ್ತದೆ; ಫೆರೈಟ್ ಸಿಗ್ಮಾ ಆಗಿ ಮಾರ್ಪಟ್ಟಷ್ಟೂ ಆ ಸೆಳೆತ ಕುಗ್ಗುತ್ತದೆ.