ಮನೆಯಂಗಳದಲ್ಲಿ ಕೊತ್ತಂಬರಿ ಸೊಪ್ಪು: ಬಿತ್ತುವುದು ಯಾವಾಗ, ಕೊಯ್ಯುವುದು ಹೇಗೆ?

ಕರಾವಳಿಯ ಮಣ್ಣಿನಲ್ಲಿ ಕೊತ್ತಂಬರಿ ಸೊಪ್ಪು ಆಗುವುದಿಲ್ಲ ಎಂಬ ಮಾತು ನಮ್ಮಲ್ಲಿ ಹಿಂದಿನಿಂದಲೂ ಇದೆ. ಹಿತ್ತಿಲಲ್ಲಿ ಬಸಳೆ, ಹರಿವೆ ಬೆಳೆಸುವವರೂ ಕೊತ್ತಂಬರಿಗೆ ಮಾತ್ರ ಪೇಟೆಗೇ ಹೋಗುತ್ತಾರೆ. ಪೇಟೆಗೆ ಅದು ಬರುವುದು ಬಹುಪಾಲು ಘಟ್ಟದ ಮೇಲಿನಿಂದ. 2018ರ ಆಗಸ್ಟ್ ತಿಂಗಳಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿಯ ರಸ್ತೆ ಮುಚ್ಚಿದ್ದು ಹಲವರಿಗೆ ನೆನಪಿರಬಹುದು. ಒಂದು ಕಟ್ಟು ಸೊಪ್ಪಿಗೂ ನಾವು ಅಷ್ಟು ದೂರದ ದಾರಿಯನ್ನೇ ನಂಬಿಕೊಂಡಿದ್ದೇವೆ. ನಿಜ ಹೇಳಬೇಕೆಂದರೆ ತೊಂದರೆ ಮಣ್ಣಿನದ್ದಲ್ಲ, ಬಿತ್ತುವ ಸಮಯದ್ದು.

ಕೊತ್ತಂಬರಿ ತಂಪು ಬಯಸುವ ಗಿಡ. ಮಾರ್ಚ್ ನಂತರದ ಸೆಕೆಗೆ ಅದು ಎಲೆ ಬಿಡುವ ಬದಲು ಬೇಗನೆ ಹೂವಿನ ದಂಟು ಎತ್ತುತ್ತದೆ. ಜೂನ್ ನಂತರದ ಮಳೆಯ ಹೊಡೆತಕ್ಕೆ ಎಳೆ ಸಸಿ ಕೊಳೆಯುತ್ತದೆ. ಆದುದರಿಂದ ನಮಗೆ ಸಿಗುವ ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿವರೆಗೆ. ನವೆಂಬರ್ ಎರಡನೇ ವಾರದಲ್ಲಿ ಬಿತ್ತಿದವರಿಗೆ ಕ್ರಿಸ್ಮಸ್ ಅಡುಗೆಯ ಹಸಿರು ಮಸಾಲೆಗೆ ಮನೆಯ ಸೊಪ್ಪೇ ಒದಗುತ್ತದೆ. ಎಲ್ಲ ಬೀಜವನ್ನೂ ಒಮ್ಮೆಗೇ ಬಿತ್ತಬಾರದು. ಹದಿನೈದು ದಿನಕ್ಕೊಮ್ಮೆ ಒಂದೊಂದು ಹಿಡಿ ಬಿತ್ತುತ್ತಾ ಹೋದರೆ ಒಂದು ಮಡಿ ಮುಗಿಯುವಷ್ಟರಲ್ಲಿ ಇನ್ನೊಂದು ಸಿದ್ಧವಾಗಿರುತ್ತದೆ.

ಅಡುಗೆಮನೆಯ ಡಬ್ಬಿಯಲ್ಲಿರುವ ಕೊತ್ತಂಬರಿಯೂ ಬಿತ್ತಲು ಆಗುತ್ತದೆ. ಹುರಿದಿರಬಾರದು, ತೀರ ಹಳೆಯದಾಗಿರಬಾರದು, ಅಷ್ಟೆ. ನಾವು ಬೀಜ ಎನ್ನುವ ಆ ಗುಂಡು ಕಾಳು ವಾಸ್ತವದಲ್ಲಿ ಒಂದು ಒಣಗಿದ ಕಾಯಿ. ಅದರೊಳಗೆ ಎರಡು ಬೀಜಗಳಿವೆ. ಲಟ್ಟಣಿಗೆಯಿಂದ ಹಗುರವಾಗಿ ಉರುಳಿಸಿ ಕಾಳನ್ನು ಎರಡು ಹೋಳು ಮಾಡಬೇಕು, ಪುಡಿಯಾಗಬಾರದು. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಅರ್ಧ ಇಂಚು ಆಳಕ್ಕೆ ಬಿತ್ತಿ ತೆಳುವಾಗಿ ಮಣ್ಣು ಮುಚ್ಚಿರಿ. ಮೊಳಕೆ ಕಾಣಲು ಎಂಟು ಹತ್ತು ದಿನ, ಕೆಲವೊಮ್ಮೆ ಎರಡು ವಾರವೂ ಬೇಕು. ಐದನೇ ದಿನಕ್ಕೇ ಬೇಸತ್ತು ಮಣ್ಣು ಕೆದಕಿ ನೋಡುವವರಿದ್ದಾರೆ, ಹಾಗೆ ಮಾಡಬೇಡಿ.

ಅಂಗಳವಿಲ್ಲದವರಿಗೆ ಎಂಟು ಇಂಚು ಆಳದ ಕುಂಡ, ಹಳೆಯ ಟಬ್ಬು ಅಥವಾ ಗೋಣಿಚೀಲ ಸಾಕು. ಅಡಿಯಲ್ಲಿ ನೀರು ಹೋಗಲು ತೂತು ಇರಲೇಬೇಕು. ಮಣ್ಣಿಗೆ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಸ್ವಲ್ಪ ಸುಡುಮಣ್ಣು ಬೆರೆಸಿರಿ. ಹಸಿ ಸೆಗಣಿ ಹಾಕಬಾರದು. ಬೆಳಗ್ಗಿನ ಬಿಸಿಲು ಬಿದ್ದು ಮಧ್ಯಾಹ್ನದ ನಂತರ ನೆರಳಾಗುವ ಜಾಗ ಉತ್ತಮ. ಕೊತ್ತಂಬರಿ ಕ್ಯಾರೆಟ್‌ನ ಕುಟುಂಬಕ್ಕೆ ಸೇರಿದ್ದು, ಇದಕ್ಕೂ ನೇರ ಕೆಳಗಿಳಿಯುವ ತಾಯಿಬೇರು. ಆದ ಕಾರಣ ಸಸಿ ಕಿತ್ತು ಬೇರೆಡೆ ನೆಟ್ಟರೆ ಸೊರಗುತ್ತದೆ, ಇಲ್ಲವೇ ಬೇಗ ಹೂ ಬಿಡುತ್ತದೆ. ಎಲ್ಲಿ ಬೆಳೆಯಬೇಕೋ ಅಲ್ಲೇ ಬಿತ್ತಿರಿ. (ಯುರೋಪಿನ ಅಡುಗೆಯಲ್ಲಿ ಬಳಸುವ ಚೆರ್ವಿಲ್ ಸೊಪ್ಪೂ ಇದೇ ಕುಟುಂಬದ್ದು, ಸ್ವಭಾವವೂ ಇದೇ. ಆದರೆ ನಮ್ಮ ಸೆಕೆ ಅದಕ್ಕೆ ಇನ್ನೂ ಕಷ್ಟ.)

ಗಿಡ ಆರು ಇಂಚು ಬೆಳೆದಾಗ, ಅಂದರೆ ಸುಮಾರು 35ರಿಂದ 40 ದಿನಕ್ಕೆ ಕೊಯ್ಲು. ಪೇಟೆಯ ಕಟ್ಟುಗಳಲ್ಲಿ ಬೇರು ಇರುವುದನ್ನು ನೋಡಿ ನಾವೂ ಬೇರು ಸಮೇತ ಕೀಳುತ್ತೇವೆ. ಮನೆಯಲ್ಲಿ ಅದು ನಷ್ಟ. ಬೆಳಿಗ್ಗೆ, ಸುತ್ತಲಿನ ದೊಡ್ಡ ಎಲೆಗಳನ್ನು ಮಾತ್ರ ಬುಡದ ಹತ್ತಿರ ಕತ್ತರಿಸಿ, ನಡುವಿನ ಎಳೆ ಚಿಗುರನ್ನು ಬಿಡಿ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಹೀಗೆ ಎರಡು ಮೂರು ಕೊಯ್ಲು ಸಿಗುತ್ತದೆ. ಎಲೆಗಳು ಸಬ್ಬಸಿಗೆಯಂತೆ ಸಣ್ಣಗೆ ಸೀಳತೊಡಗಿದರೆ ಹೂವು ಬರುವ ಸೂಚನೆ. ಆಮೇಲೆ ಸೊಪ್ಪಿನ ರುಚಿ ಕೆಡುತ್ತದೆ. ಆದರೂ ಗಿಡ ಕೀಳಬೇಡಿ, ಹೂವಿಗೆ ಜೇನುನೊಣ ಬರುತ್ತದೆ. ಹಸಿ ಕಾಯಿ ಚಟ್ನಿಗೆ ಬಹಳ ಪರಿಮಳ, ಬಲಿತು ಒಣಗಿದ್ದು ಮುಂದಿನ ಬಿತ್ತನೆಗೆ.

ಕೊಯ್ದ ಸೊಪ್ಪನ್ನು ತೊಳೆಯದೆ ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಡ್ಜ್‌ನಲ್ಲಿಡಿ. ತೊಳೆಯುವುದು ಬಳಸುವ ಹೊತ್ತಿಗೆ.

ಇನ್ನು ಮಳೆಗಾಲದ ಪ್ರಶ್ನೆ. ಆಗ ನಮ್ಮನ್ನು ಕಾಯುವುದು ಕಾಡು ಕೊತ್ತಂಬರಿ. ಉದ್ದನೆಯ ಎಲೆ, ಗರಗಸದಂತಹ ಅಂಚು. ಕೇರಳದಲ್ಲಿ ಇದಕ್ಕೆ ಆಫ್ರಿಕನ್ ಮಲ್ಲಿ ಎನ್ನುವುದುಂಟು, ಆದರೆ ಇದರ ಮೂಲ ಅಮೆರಿಕ ಖಂಡದ ಉಷ್ಣ ಪ್ರದೇಶ. ಮಳೆ, ನೆರಳು, ತೇವ ಎಲ್ಲವೂ ಇದಕ್ಕೆ ಒಗ್ಗುತ್ತದೆ. ಬೀಜ ತೀರ ಸಣ್ಣದು, ಮೊಳೆಯಲು ವಾರಗಟ್ಟಲೆ ಬೇಕು; ನೆರೆಮನೆಯವರಲ್ಲಿ ಒಂದು ಸಸಿ ಕೇಳಿ ತಂದು ನೆಡುವುದೇ ಸುಲಭ. ನಡುವಿನಿಂದ ಮುಳ್ಳಿನ ಹೂದಂಟು ಎದ್ದ ಕೂಡಲೇ ಚಿವುಟಿದರೆ ಎಲೆ ಬರುತ್ತಲೇ ಇರುತ್ತದೆ. ಒಂದೆರಡು ದಂಟು ಬಿಟ್ಟರೆ ಬೀಜ ಉದುರಿ ಸುತ್ತಲೂ ಸಸಿ ಹುಟ್ಟುತ್ತದೆ. ಪರಿಮಳ ಬಹಳ ಗಾಢ. ಒಂದು ಹಿಡಿ ಕೊತ್ತಂಬರಿ ಹಾಕುವಲ್ಲಿ ಇದರ ಮೂರು ನಾಲ್ಕು ಎಲೆ ಸಾಕು. ಕೊತ್ತಂಬರಿ ಸೊಪ್ಪನ್ನು ಒಲೆಯಿಂದ ಇಳಿಸುವಾಗ ಹಾಕಿದರೆ, ಇದನ್ನು ಮೀನಿನ ಸಾರು ಕುದಿಯುವಾಗಲೇ ಹಾಕಬಹುದು.